ಗುಲಾಮಗಿರಿಯ ವಿರುದ್ಧ ನಿಂತ ಅಮೆರಿಕದ ರಾಜಕಾರಣಿಗಳ ಹಳೇ ಭಾವಚಿತ್ರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

19ನೇ ಶತಮಾನದ ಅಮೆರಿಕದ ಈ ಫೋಟೋಗಳನ್ನು ಯಾರಿಗೆ ತೋರಿಸಿದರೂ ಮೊದಲ ಪ್ರಶ್ನೆ ರಾಜಕೀಯದ್ದಾಗಿರುವುದಿಲ್ಲ. "ಇವರಿಗೇನು ಹೊಟ್ಟೆನೋವಾ?" ಅನ್ನುತ್ತಾರೆ. ಅದು ಒಳ್ಳೆಯ ಆರಂಭವೇ. ಮಾತಿನ ನಡುವೆಯೂ ಪತ್ರಗಳಲ್ಲೂ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆರೆದುಕೊಳ್ಳುವಂಥವು ಆಮೇಲೆ. ನನ್ನದೊಂದು ಅಭ್ಯಾಸ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ಚಿತ್ರ ಕಂಡರೂ "ಇದು ಯಾರಿಗೆ ಬೇಕಿತ್ತು?" ಅಂತ ಕೇಳಿಕೊಳ್ಳುತ್ತೇನೆ. ಉತ್ತರಗಳಲ್ಲಿ ಅದು ಆಗಾಗ ಇಣುಕುತ್ತದೆ.

## ಮೊದಮೊದಲು ಕೇಳುವವು

ನನಗೆ ಲಿಂಕನ್ ಒಬ್ಬರೇ ಗೊತ್ತು. ಉಳಿದವರೆಲ್ಲ ಯಾರು?

ಲಿಂಕನ್‌ಗಿಂತ ಮೊದಲೇ ಈ ಜಗಳಕ್ಕೆ ಇಳಿದವರು ತುಂಬಾ ಜನ ಇದ್ದರು. ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ 1831ರಿಂದ ಸಾಯುವವರೆಗೂ ಸಂಸತ್ತಿನ ಕೆಳಮನೆಯಲ್ಲಿ ಕೂತು ಗುಲಾಮಗಿರಿಯ ವಿರುದ್ಧದ ಅರ್ಜಿಗಳನ್ನು ಓದುತ್ತಿದ್ದರು. ಓಹಾಯೋದ ಜೋಶುವಾ ಗಿಡಿಂಗ್ಸ್ ಅವರಿಗೆ 1842ರಲ್ಲಿ ಸದನ ಛೀಮಾರಿ ಹಾಕಿತು. ಅವರು ರಾಜೀನಾಮೆ ಕೊಟ್ಟು, ಮತ್ತೆ ಗೆದ್ದು ವಾಪಸ್ ಬಂದರು. ಮ್ಯಾಸಚೂಸೆಟ್ಸ್‌ನಿಂದ ಚಾರ್ಲ್ಸ್ ಸಮ್ನರ್, ಪೆನ್ಸಿಲ್ವೇನಿಯಾದಿಂದ ಥಾಡಿಯಸ್ ಸ್ಟೀವನ್ಸ್, ನ್ಯೂಯಾರ್ಕ್‌ನಿಂದ ವಿಲಿಯಂ ಸೀವರ್ಡ್, ಓಹಾಯೋದಿಂದ ಸ್ಯಾಮನ್ ಚೇಸ್. ಈ ಪುಟದಲ್ಲಿ ಜಾಸ್ತಿ ಕಾಣುವ ಹೆಸರುಗಳು ಇವೇ.

ಇವರೆಲ್ಲರ ಅಭಿಪ್ರಾಯ ಒಂದೇ ಆಗಿತ್ತು ಅಂದುಕೊಳ್ಳಬೇಡಿ. ಹೊಸ ಪ್ರಾಂತ್ಯಗಳಿಗೆ ಗುಲಾಮಗಿರಿ ಹರಡದಿದ್ದರೆ ಸಾಕು ಅನ್ನುವವರಿದ್ದರು. ಬೇರುಸಮೇತ ಕಿತ್ತು, ಕಪ್ಪು ಜನರಿಗೆ ಮತದ ಹಕ್ಕೂ ಕೊಡಿ ಅನ್ನುವವರೂ ಇದ್ದರು. ಒಂದೇ ಗೋಡೆಯಲ್ಲಿ ಸಾಲಾಗಿ ನೇತುಹಾಕಿದಾಗ ಈ ವ್ಯತ್ಯಾಸ ಕಾಣುವುದಿಲ್ಲ. ಎಲ್ಲರಿಗೂ ಅದೇ ಕಪ್ಪು ಕೋಟು.

ಒಬ್ಬರೂ ಯಾಕೆ ನಗಲ್ಲ?

ಕ್ಯಾಮೆರಾ ಮುಂದೆ ಅಲ್ಲಾಡದೆ ಕೂರಬೇಕಿತ್ತು ಅನ್ನುವುದು ಎಲ್ಲರೂ ಹೇಳುವ ಕಾರಣ. ಅದು ಅರ್ಧ ಮಾತ್ರ ಸರಿ. 1840ರ ಆಸುಪಾಸಿನಲ್ಲಿ ನಿಮಿಷಗಟ್ಟಲೆ ಕೂರಬೇಕಾಗಿದ್ದು ನಿಜ. ತಲೆ ಅಲುಗದಿರಲಿ ಅಂತ ಹಿಂದಿನಿಂದ ಕಬ್ಬಿಣದ ಆಸರೆಯನ್ನೂ ಇಡುತ್ತಿದ್ದರು. ಆದರೆ 1860ರ ಹೊತ್ತಿಗೆ ಕೆಲವೇ ಸೆಕೆಂಡುಗಳಲ್ಲಿ ಕೆಲಸ ಮುಗಿಯುತ್ತಿತ್ತು. ಆಗಲೂ ಯಾರೂ ನಗಲಿಲ್ಲ. ಅದಕ್ಕೂ ಮೊದಲು ಭಾವಚಿತ್ರ ಅಂದರೆ ಎಣ್ಣೆಬಣ್ಣದ ಚಿತ್ರ, ಅದರಲ್ಲಿ ದೊಡ್ಡ ಮನುಷ್ಯರು ಹಲ್ಲು ಬಿಡುತ್ತಿರಲಿಲ್ಲ. ನಮ್ಮ ಅಜ್ಜ-ಅಜ್ಜಿಯರ ಮದುವೆ ಫೋಟೋ ನೆನಪಿಸಿಕೊಳ್ಳಿ. ಕ್ಯಾಮೆರಾ ಚೆನ್ನಾಗಿಯೇ ಇತ್ತು, ಆದರೂ ಕೋರ್ಟಿಗೆ ಬಂದವರ ಹಾಗೆ ನಿಂತಿರುತ್ತಾರೆ, ಅಲ್ವಾ?

ಡಗೆರೋಟೈಪ್, ಕಾರ್ಟ್ ದ ವಿಸಿಟ್ ಅಂತೆಲ್ಲ ಬರೆದಿರುತ್ತೆ. ಏನು ವ್ಯತ್ಯಾಸ?

ಡಗೆರೋಟೈಪ್ 1839ರಲ್ಲಿ ಫ್ರಾನ್ಸ್‌ನಿಂದ ಬಂದದ್ದು. ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ನೇರವಾಗಿ ಚಿತ್ರ ಮೂಡುತ್ತದೆ. ಕನ್ನಡಿಯ ಹಾಗೆ ಹೊಳೆಯುತ್ತದೆ. ನೆಗೆಟಿವ್ ಇಲ್ಲ, ಹಾಗಾಗಿ ಪ್ರತಿಯೂ ಇಲ್ಲ. ಇನ್ನೊಂದು ಬೇಕೆಂದರೆ ಮತ್ತೆ ಕೂರಬೇಕು, ಇಲ್ಲವೇ ಚಿತ್ರದ್ದೇ ಚಿತ್ರ ತೆಗೆಯಬೇಕು.

1850ರ ದಶಕದಲ್ಲಿ ಗಾಜಿನ ನೆಗೆಟಿವ್ ಬಂತು. ಒಂದು ಗಾಜಿನಿಂದ ಕಾಗದದ ಮೇಲೆ ಎಷ್ಟು ಬೇಕಾದರೂ ಅಚ್ಚು ತೆಗೆಯಬಹುದು. ಅದರಿಂದ ಹುಟ್ಟಿದ್ದೇ ಕಾರ್ಟ್ ದ ವಿಸಿಟ್. ವಿಸಿಟಿಂಗ್ ಕಾರ್ಡ್ ಅಳತೆಯ ರಟ್ಟಿಗೆ ಅಂಟಿಸಿದ ಸಣ್ಣ ಫೋಟೋ. 1860ರ ದಶಕದಲ್ಲಿ ಜನ ಇವನ್ನು ಕೊಂಡು ಆಲ್ಬಮ್‌ಗೆ ಸೇರಿಸುತ್ತಿದ್ದರು. ತಮ್ಮ ಮನೆಯವರ ಪಕ್ಕದಲ್ಲೇ ಲಿಂಕನ್, ಅವರ ಪಕ್ಕ ಸಮ್ನರ್. ರಾಜಕಾರಣಿಯ ಮುಖ ಹೀಗೆ ಮನೆಯೊಳಕ್ಕೆ ಬಂದು ಕೂತಿತು.

ಎಲ್ಲದರ ಕೆಳಗೂ "ಬ್ರೇಡಿ" ಅಂತ ಇರುತ್ತಲ್ಲ, ಒಬ್ಬರೇ ಇಷ್ಟೊಂದು ತೆಗೆದರಾ?

ಇಲ್ಲ. ಬ್ರೇಡಿ ಅನ್ನುವುದು ಅಂಗಡಿಯ ಹೆಸರು ಅಂದುಕೊಳ್ಳಿ. ಮ್ಯಾಥ್ಯೂ ಬ್ರೇಡಿ 1844ರಲ್ಲಿ ನ್ಯೂಯಾರ್ಕ್‌ನಲ್ಲಿ ಸ್ಟುಡಿಯೋ ತೆರೆದರು, 1858ರಲ್ಲಿ ವಾಷಿಂಗ್ಟನ್‌ನಲ್ಲಿ ಇನ್ನೊಂದು. ಅವರ ಕಣ್ಣು ಮಂದವಾಗಿತ್ತು. ಕ್ಯಾಮೆರಾ ಹಿಂದೆ ನಿಲ್ಲುತ್ತಿದ್ದವರು ಹೆಚ್ಚಾಗಿ ಕೆಲಸದವರು. ವಾಷಿಂಗ್ಟನ್ ಸ್ಟುಡಿಯೋ ನೋಡಿಕೊಳ್ಳುತ್ತಿದ್ದ ಅಲೆಕ್ಸಾಂಡರ್ ಗಾರ್ಡನರ್ ಆಮೇಲೆ ಬೇರೆಯಾಗಿ ತಮ್ಮದೇ ಹೆಸರು ಮಾಡಿದರು.

ಬ್ರೇಡಿಯ ಕಸುಬು ಬೇರೆ ಥರದ್ದು. ಹೆಸರಾಂತ ಜನರನ್ನು ಸ್ಟುಡಿಯೋಗೆ ಕರೆತರುವುದು, ಹೇಗೆ ನಿಲ್ಲಬೇಕೆಂದು ಹೇಳುವುದು, ಚಿತ್ರವನ್ನು ಗೋಡೆಗೆ ಹಾಕಿ ಊರಿಗೆಲ್ಲ ತೋರಿಸುವುದು. ಕೊನೆಗೆ ಸಾಲದಲ್ಲಿ ಮುಳುಗಿದರು. 1896ರಲ್ಲಿ ತೀರಿಕೊಂಡಾಗ ಅವರ ಕೈಯಲ್ಲಿ ಹೆಚ್ಚೇನೂ ಉಳಿದಿರಲಿಲ್ಲ.

ನಮ್ಮ ಶಾಲೆಯ ಗೋಡೆಯಲ್ಲಿ ಲಿಂಕನ್ ಫೋಟೋ, ಅದರ ಕೆಳಗೆ ಮಗನ ಮೇಷ್ಟ್ರಿಗೆ ಬರೆದ ಪತ್ರ ಇತ್ತು. ಆ ಫೋಟೋ ಯಾವುದು?

ಫೋಟೋ ಸಾಮಾನ್ಯವಾಗಿ ಅಸಲಿಯೇ ಆಗಿರುತ್ತದೆ, ಗಡ್ಡ ಬಿಟ್ಟ ಮೇಲಿನ ಅಧ್ಯಕ್ಷಗಿರಿಯ ಕಾಲದ್ದು. ಪತ್ರದ ಕಥೆ ಬೇರೆ. ಅದನ್ನು ಲಿಂಕನ್ ಬರೆದರು ಅನ್ನುವುದಕ್ಕೆ ಯಾವ ಆಧಾರವೂ ಸಿಕ್ಕಿಲ್ಲ. ಕನ್ನಡದಲ್ಲಿ ಅದು ಎಷ್ಟು ಓಡಾಡಿದೆ ಎಂದರೆ ಇದನ್ನು ಹೇಳಿದಾಗಲೆಲ್ಲ ಯಾರಾದರೂ ಬೇಜಾರು ಮಾಡಿಕೊಳ್ಳುತ್ತಾರೆ. ಅಸಲಿ ಮುಖದ ಕೆಳಗೆ ಯಾವ ಮಾತು ಇಟ್ಟರೂ ಜನ ನಂಬುತ್ತಾರೆ.

## ಒಂದೊಂದು ಮುಖದ ಹಿಂದೆ

ಜಾನ್ ಕ್ವಿನ್ಸಿ ಆಡಮ್ಸ್ ಹುಟ್ಟಿದ್ದು 1767ರಲ್ಲಿ. ಅವರ ಫೋಟೋ ಇದೆ ಅಂದ್ರೆ ನಂಬೋದು ಹೇಗೆ?

ನಂಬಬಹುದು. 1843ರ ಮಾರ್ಚ್‌ನಲ್ಲಿ ವಾಷಿಂಗ್ಟನ್‌ನ ಫಿಲಿಪ್ ಹಾಸ್ ಸ್ಟುಡಿಯೋದಲ್ಲಿ ಅವರು ಕೂತ ಡಗೆರೋಟೈಪ್ ಉಳಿದಿದೆ. ಅಮೆರಿಕದ ಅಧ್ಯಕ್ಷರಾಗಿದ್ದವರ ಫೋಟೋಗಳಲ್ಲಿ ಇವತ್ತಿಗೆ ಉಳಿದಿರುವ ಅತಿ ಹಳೆಯ ಮೂಲಪ್ರತಿ ಅದು ಎನ್ನುತ್ತಾರೆ. ಆಡಮ್ಸ್ ಅದನ್ನು ಸಂಸತ್ತಿನ ಗೆಳೆಯರೊಬ್ಬರಿಗೆ ಕೊಟ್ಟಿದ್ದರು. 2017ರಲ್ಲಿ ಹರಾಜಿಗೆ ಬಂದಾಗ ವಾಷಿಂಗ್ಟನ್‌ನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ 3,60,500 ಡಾಲರ್ ಕೊಟ್ಟು ಕೊಂಡಿತು.

ಚಿತ್ರದಲ್ಲಿ ಒಬ್ಬ ಮುದುಕ ಕಾಲಮೇಲೆ ಕಾಲು ಹಾಕಿ, ಕೈ ಜೋಡಿಸಿಕೊಂಡು ಕೂತಿದ್ದಾರೆ. ಆ ಹೊತ್ತಿಗೆ ಗುಲಾಮಗಿರಿಯ ಅರ್ಜಿಗಳನ್ನು ಸದನದಲ್ಲಿ ಚರ್ಚೆಗೇ ತರಕೂಡದು ಅನ್ನುವ ನಿಯಮ ಜಾರಿಯಲ್ಲಿತ್ತು. ಆಡಮ್ಸ್ ಅದರ ಜೊತೆ ವರ್ಷಾನುಗಟ್ಟಲೆ ಗುದ್ದಾಡಿ 1844ರಲ್ಲಿ ತೆಗೆಸಿದರು. ತಮ್ಮ ಫೋಟೋಗಳು ಮಾತ್ರ ಅವರಿಗೆ ಹಿಡಿಸಲಿಲ್ಲ. ಅದೇ ವರ್ಷ ತೆಗೆಸಿಕೊಂಡ ಬೇರೆ ಕೆಲವನ್ನು ನೋಡಿ, ನನ್ನ ಹಾಗೇ ಇವೆ, ಅದಕ್ಕೇ ವಿಕಾರವಾಗಿವೆ ಅನ್ನುವ ಅರ್ಥದಲ್ಲಿ ದಿನಚರಿಯಲ್ಲಿ ಬರೆದುಕೊಂಡರು.

ಒಂದು ಫೋಟೋದಿಂದ ಲಿಂಕನ್ ಚುನಾವಣೆ ಗೆದ್ದರು ಅಂತಾರೆ. ಸುಮ್ನೆ ಹೇಳೋದಾ?

ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. 1860ರ ಫೆಬ್ರವರಿ 27ರಂದು ಲಿಂಕನ್ ನ್ಯೂಯಾರ್ಕ್‌ನ ಕೂಪರ್ ಯೂನಿಯನ್‌ನಲ್ಲಿ ಭಾಷಣ ಮಾಡಿದರು. ಅದೇ ದಿನ ಬ್ರೇಡಿಯ ಸ್ಟುಡಿಯೋಗೂ ಹೋಗಿದ್ದರು. ಉದ್ದ ಕತ್ತು ಕಾಣದಿರಲಿ ಅಂತ ಬ್ರೇಡಿ ಅವರ ಕಾಲರ್ ಮೇಲಕ್ಕೆ ಎಳೆಸಿದರು. ಕೈ ಪುಸ್ತಕದ ಮೇಲೆ, ಹಿಂದೆ ಕಂಬ. ಹಳ್ಳಿಗಾಡಿನ ವಕೀಲ ಅಂತ ಗೇಲಿ ಮಾಡುತ್ತಿದ್ದವರ ಎದುರು ಒಬ್ಬ ಗಂಭೀರ ನಾಯಕ ನಿಂತ.

ಆದರೆ ಆ ವರ್ಷದ ಮೇ 12ರ ಹಾರ್ಪರ್ಸ್ ವೀಕ್ಲಿ ನೋಡಿ. ರಿಪಬ್ಲಿಕನ್ ಪಕ್ಷದ ಆಕಾಂಕ್ಷಿಗಳನ್ನೆಲ್ಲ ಒಂದೇ ಪುಟಹರವಿನಲ್ಲಿ ಹಾಕಿದ್ದಾರೆ. ನಡುವೆ ದೊಡ್ಡದಾಗಿ ಸೀವರ್ಡ್. ಲಿಂಕನ್ ಸುತ್ತಲಿನ ಸಣ್ಣ ಮುಖಗಳಲ್ಲಿ ಒಬ್ಬರು. ಕೆಲವೇ ದಿನಗಳಲ್ಲಿ ಷಿಕಾಗೋ ಸಮಾವೇಶ ಲಿಂಕನ್ ಅವರನ್ನು ಆರಿಸಿತು. ಆಗ ಎಲ್ಲರಿಗೂ ಅವಸರವಾಗಿ ಅವರ ಮುಖ ಬೇಕಾಯಿತು, ಬ್ರೇಡಿಯ ಫೋಟೋ ಕೈಗೆ ಸಿಕ್ಕಿತು. ಪತ್ರಿಕೆ, ಕಲ್ಲಚ್ಚು (ಕಲ್ಲಿನ ಮೇಲೆ ಬರೆದು ಅಚ್ಚು ತೆಗೆದ ಚಿತ್ರ), ಪ್ರಚಾರದ ಬಿಲ್ಲೆ, ಎಲ್ಲದರಲ್ಲೂ ಅದೇ. ಬ್ರೇಡಿ ಮತ್ತು ಕೂಪರ್ ಯೂನಿಯನ್ ಭಾಷಣದಿಂದಲೇ ತಾನು ಅಧ್ಯಕ್ಷನಾದೆ ಅಂತ ಲಿಂಕನ್ ಹೇಳಿದರಂತೆ. ಗೆದ್ದದ್ದು ಪಕ್ಷದ ಲೆಕ್ಕಾಚಾರದಿಂದ. ಗೆದ್ದವರು ಯಾರೆಂದು ಊರಿಗೆ ಪರಿಚಯಿಸಿದ್ದು ಫೋಟೋ.

ಅಂದ ಹಾಗೆ ಆ ಫೋಟೋದಲ್ಲಿ ಗಡ್ಡ ಇಲ್ಲ. ನಿಮ್ಮ ಮುಖ ತುಂಬಾ ತೆಳ್ಳಗಿದೆ, ಗಡ್ಡ ಬಿಟ್ಟರೆ ಚೆನ್ನ ಅಂತ ಗ್ರೇಸ್ ಬೆಡೆಲ್ ಅನ್ನುವ 11 ವರ್ಷದ ಹುಡುಗಿ ಅಕ್ಟೋಬರ್‌ನಲ್ಲಿ ಪತ್ರ ಬರೆದಳು. ಗಡ್ಡ ಅದಾದ ಮೇಲಿನದ್ದು.

ಸಮ್ನರ್‌ಗೆ ಬೆತ್ತದಿಂದ ಹೊಡೆಯೋ ಚಿತ್ರದಲ್ಲಿ ಹೊಡೆಯೋನ ಮುಖ ಯಾಕೆ ಕಾಣಲ್ಲ?

ಇದು ನನಗೆ ತುಂಬಾ ಇಷ್ಟದ ಪ್ರಶ್ನೆ. 1856ರ ಮೇ 22ರಂದು ಸೆನೆಟ್ ಸಭಾಂಗಣದಲ್ಲೇ, ಕೂತು ಬರೆಯುತ್ತಿದ್ದ ಸಮ್ನರ್ ಮೇಲೆ ದಕ್ಷಿಣ ಕೆರೊಲಿನಾದ ಸಂಸದ ಪ್ರೆಸ್ಟನ್ ಬ್ರೂಕ್ಸ್ ಬೆತ್ತ ಬೀಸಿದ. ಕ್ಯಾನ್ಸಾಸ್‌ಗೆ ಗುಲಾಮಗಿರಿ ತರುವುದರ ವಿರುದ್ಧ ಸಮ್ನರ್ ಎರಡು ದಿನ ಮಾಡಿದ್ದ ಭಾಷಣಕ್ಕೆ ಇದು ಉತ್ತರ. ಬೆತ್ತ ಮುರಿಯುವವರೆಗೂ ಹೊಡೆದ. ಸಮ್ನರ್ ಪೂರ್ತಿಯಾಗಿ ಕೆಲಸಕ್ಕೆ ಮರಳಿದ್ದು 1859ರ ಕೊನೆಗೆ. ಅಲ್ಲಿಯತನಕ ಅವರ ಕುರ್ಚಿ ಹೆಚ್ಚುಕಡಿಮೆ ಖಾಲಿ. ಮ್ಯಾಸಚೂಸೆಟ್ಸ್ ಆ ಖಾಲಿ ಕುರ್ಚಿಗೇ ಅವರನ್ನು ಮತ್ತೆ ಆರಿಸಿ ಕಳಿಸಿತು.

ಅಲ್ಲಿ ಕ್ಯಾಮೆರಾ ಇರಲಿಲ್ಲ. ನೀವು ನೋಡಿರುವುದು ಫಿಲಡೆಲ್ಫಿಯಾದ ಜಾನ್ ಮಗೀ ಬರೆದ ಕಲ್ಲಚ್ಚು, ಅದೇ ವರ್ಷದ್ದು. ನೆಲಕ್ಕೆ ಬಿದ್ದ ಸಮ್ನರ್ ಕೈಯಲ್ಲಿ ಇನ್ನೂ ಲೇಖನಿ ಇದೆ. ಅವರ ಮುಖ ಸ್ಪಷ್ಟವಾಗಿದೆ. ಬ್ರೂಕ್ಸ್ ಮುಖ ಕಾಣುವುದಿಲ್ಲ. ಬ್ರೂಕ್ಸ್ ಹೇಗಿದ್ದಾನೆಂದು ಮಗೀಗೆ ಗೊತ್ತಿರಲಿಲ್ಲವೇನೋ ಅನ್ನುವವರಿದ್ದಾರೆ. ಇರಬಹುದು. ಆದರೆ ಫಲ ನೋಡಿ: ಮುಖ ಇಲ್ಲದವನು ಒಬ್ಬ ಮನುಷ್ಯನಾಗಿ ಉಳಿಯುವುದಿಲ್ಲ, ಗುಲಾಮಗಿರಿ ಇಟ್ಟುಕೊಂಡಿದ್ದ ಇಡೀ ದಕ್ಷಿಣವೇ ಬೆತ್ತ ಎತ್ತಿದ ಹಾಗೆ ಕಾಣುತ್ತದೆ. ಉತ್ತರದ ಜನಕ್ಕೆ ಬೇಕಾಗಿದ್ದದ್ದು ಇದೇ ಚಿತ್ರ. ದಕ್ಷಿಣದಲ್ಲಿ ಬ್ರೂಕ್ಸ್‌ಗೆ ಅಭಿಮಾನಿಗಳು ಹೊಸ ಬೆತ್ತಗಳನ್ನು ಕಳಿಸಿಕೊಟ್ಟರು.

ಥಾಡಿಯಸ್ ಸ್ಟೀವನ್ಸ್ ಫೋಟೋ ನೋಡಿದ್ರೆ ಭಯ ಆಗುತ್ತೆ. ಆ ಕೂದಲು ಅವರದ್ದೇನಾ?

ಅಲ್ಲ, ಟೋಪನ್. ತಲೆಕೂದಲು ಉದುರಿಹೋಗಿತ್ತು, ಟೋಪನ್ ನೆಟ್ಟಗೆ ಕೂರುತ್ತಿರಲಿಲ್ಲ. ನೆನಪಿಗೆ ಒಂದು ಎಳೆ ಕೂದಲು ಕೊಡಿ ಅಂತ ಅಭಿಮಾನಿ ಹೆಂಗಸೊಬ್ಬರು ಕೇಳಿದಾಗ ಇಡೀ ಟೋಪನ್ ತೆಗೆದು ಕೊಡಲು ಹೋದರಂತೆ. ಹುಟ್ಟಿನಿಂದ ಒಂದು ಪಾದ ಸೊಟ್ಟ. ಆ ಬಿಗಿದ ತುಟಿಯಿಂದ ಬರುತ್ತಿದ್ದ ಚುಚ್ಚುಮಾತಿಗೆ ಸದನ ಹೆದರುತ್ತಿತ್ತು.

ಅವರ ಕೊನೆಗಾಲದ ಚಿತ್ರ ಒಂದಿದೆ, ಬ್ರೇಡಿ ಸ್ಟುಡಿಯೋದ್ದು. 1868ರಲ್ಲಿ ಅಧ್ಯಕ್ಷ ಆಂಡ್ರೂ ಜಾನ್ಸನ್ ಮೇಲೆ ಮಹಾಭಿಯೋಗ ನಡೆಸಿದ ಏಳು ಸಂಸದರು ಅದರಲ್ಲಿದ್ದಾರೆ. ಮುಂದಿನ ಸಾಲಿನಲ್ಲಿ ಕೂತ ಸ್ಟೀವನ್ಸ್ ತೀರಾ ಸೊರಗಿದ್ದಾರೆ. ಆ ವಿಚಾರಣೆಗೆ ಅವರನ್ನು ಕುರ್ಚಿ ಸಮೇತ ಹೊತ್ತು ತರುತ್ತಿದ್ದರು. ಆಗಸ್ಟ್‌ನಲ್ಲಿ ತೀರಿಕೊಂಡರು. ಎಲ್ಲ ಬಣ್ಣದವರನ್ನೂ ಹೂಳುವ ಸ್ಮಶಾನವೇ ಬೇಕೆಂದು ಲ್ಯಾಂಕಾಸ್ಟರ್‌ನಲ್ಲಿ ಸಣ್ಣದೊಂದನ್ನು ಮೊದಲೇ ಆರಿಸಿಟ್ಟಿದ್ದರು. ಇದು ಗೊತ್ತಾದ ಮೇಲೆ ಆ ಫೋಟೋ ನನಗಂತೂ ಭಯ ಹುಟ್ಟಿಸಲಿಲ್ಲ.

ಸೀವರ್ಡ್ ಯಾವಾಗಲೂ ಯಾಕೆ ಪಕ್ಕಕ್ಕೆ ತಿರುಗಿರ್ತಾರೆ?

1865ರ ಏಪ್ರಿಲ್ 14ರ ರಾತ್ರಿ, ಲಿಂಕನ್‌ಗೆ ಗುಂಡು ಬಿದ್ದ ಹೊತ್ತಿನಲ್ಲೇ, ಸೀವರ್ಡ್ ಮನೆಗೆ ಇನ್ನೊಬ್ಬ ಚಾಕು ಹಿಡಿದು ನುಗ್ಗಿದ. ಮಲಗಿದ್ದವರ ಬಲಗೆನ್ನೆ ಸೀಳಿದ. ಆಮೇಲಿನ ಫೋಟೋಗಳಲ್ಲಿ ಅವರು ಹೆಚ್ಚಾಗಿ ಎಡಗೆನ್ನೆ ತೋರಿಸುತ್ತಾರೆ. ಆದರೆ ಎಲ್ಲದಕ್ಕೂ ಗಾಯವೇ ಕಾರಣ ಅನ್ನಬೇಡಿ. 1864ರಲ್ಲಿ ಬರೆದ ವರ್ಣಚಿತ್ರದಲ್ಲೂ ಅವರು ಪಕ್ಕದಿಂದಲೇ ಕಾಣುತ್ತಾರೆ. ಆ ಗಿಣಿಮೂಗಿಗೆ ಪಕ್ಕದ ನೋಟವೇ ಒಪ್ಪುತ್ತಿತ್ತು.

ಚೇಸ್ ತಮ್ಮ ಫೋಟೋನ ತಾವೇ ನೋಟಿನ ಮೇಲೆ ಹಾಕಿಸಿಕೊಂಡರಾ?

ಹೌದು! ಉತ್ತರ-ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದ ಖರ್ಚಿಗೆ ಸರ್ಕಾರ ಕಾಗದದ ನೋಟು ಅಚ್ಚು ಹಾಕಿದಾಗ ಖಜಾನೆ ಮಂತ್ರಿ ಚೇಸ್. 1862ರ 1 ಡಾಲರ್ ನೋಟಿನ ಮೇಲೆ ಅವರದೇ ಮುಖ. ಅಧ್ಯಕ್ಷ ಲಿಂಕನ್ ಮುಖ 10 ಡಾಲರ್ ನೋಟಿನಲ್ಲಿ. ಎಲ್ಲರ ಜೇಬಿಗೂ ಹೋಗುವುದು ಯಾವುದು ಹೇಳಿ? ಚೇಸ್‌ಗೆ ಅಧ್ಯಕ್ಷರಾಗುವ ಆಸೆ ಇತ್ತು, ಅದನ್ನು ಮುಚ್ಚಿಡಲೂ ಇಲ್ಲ. ಆಮೇಲೆ ನೋಟು ಅಚ್ಚಿನ ಅಧಿಕಾರಿ ಸ್ಪೆನ್ಸರ್ ಕ್ಲಾರ್ಕ್ 5 ಸೆಂಟಿನ ನೋಟಿಗೆ ತಮ್ಮ ಮುಖವನ್ನೇ ಹಾಕಿದಾಗ ಸಂಸತ್ತು ಸಿಟ್ಟಾಯಿತು. ಬದುಕಿರುವವರ ಚಿತ್ರ ಹಣದ ಮೇಲೆ ಬೇಡ ಅಂತ 1866ರಲ್ಲಿ ಕಾನೂನು ಮಾಡಿತು.

## ಇನ್ನೂ ಒಳಗೆ ಇಳಿದರೆ

ವಿಮೋಚನೆಯ ಘೋಷಣೆ ಓದೋ ದೊಡ್ಡ ಪೇಂಟಿಂಗ್‌ನಲ್ಲಿ ಒಬ್ಬರೂ ಕಪ್ಪು ಜನ ಯಾಕಿಲ್ಲ?

ಯಾಕೆಂದರೆ ಅದು ಮಂತ್ರಿಮಂಡಲದ ಸಭೆಯ ಚಿತ್ರ. ಗುಲಾಮರನ್ನು ಬಿಡುಗಡೆ ಮಾಡುವ ಆ ಘೋಷಣೆಯ ಕರಡನ್ನು 1862ರ ಜುಲೈ 22ರಂದು ಲಿಂಕನ್ ಓದಿದ ಗಳಿಗೆ. ಕಲಾವಿದ ಫ್ರಾನ್ಸಿಸ್ ಕಾರ್ಪೆಂಟರ್ 1864ರಲ್ಲಿ ಆರು ತಿಂಗಳು ಶ್ವೇತಭವನದಲ್ಲೇ ಬೀಡುಬಿಟ್ಟು ಬರೆದರು. ಅವರ ಈ ಕೆಲಸದ ಸಲುವಾಗಿಯೇ ಫೆಬ್ರವರಿ 9ರಂದು ಲಿಂಕನ್ ಬ್ರೇಡಿ ಸ್ಟುಡಿಯೋಗೆ ಹೋದರು. ಅಲ್ಲಿ ಆಂಥೊನಿ ಬರ್ಗರ್ ತೆಗೆದ ಚಿತ್ರಗಳಲ್ಲೊಂದು ಆಮೇಲೆ 5 ಡಾಲರ್ ನೋಟಿಗೆ ಬಂತು.

ಕೂರಿಸಿದ ರೀತಿಯಲ್ಲೂ ಲೆಕ್ಕ ಇದೆ. ಗುಲಾಮಗಿರಿ ಬೇಗ ಹೋಗಲಿ ಅಂತ ಒತ್ತಾಯಿಸುತ್ತಿದ್ದ ಚೇಸ್ ಮತ್ತು ಯುದ್ಧಮಂತ್ರಿ ಸ್ಟ್ಯಾಂಟನ್ ಲಿಂಕನ್ನರ ಒಂದು ಪಕ್ಕ. ನಿಧಾನ ಮಾಡಿ ಅನ್ನುವವರು ಇನ್ನೊಂದು ಪಕ್ಕ. ನಡುವೆ ಲಿಂಕನ್. ಆದರೆ ಈ ಚೌಕಟ್ಟು ಒಂದು ಕಥೆಯನ್ನು ಹೇಳುತ್ತಲೇ ಇನ್ನೊಂದನ್ನು ನುಂಗುತ್ತದೆ. ತೋಟಗಳನ್ನು ಬಿಟ್ಟು ಓಡಿ ಬಂದು ಉತ್ತರದ ಸೈನ್ಯದ ಬಾಗಿಲಲ್ಲಿ ನಿಂತ ಸಾವಿರಾರು ಜನರೇ ಈ ಕಾಗದವನ್ನು ಬರೆಯುವಂತೆ ಮಾಡಿದವರು. ಅವರಿಗೆ ಆ ಕೋಣೆಗೆ ಪ್ರವೇಶ ಇರಲಿಲ್ಲ, ಹಾಗಾಗಿ ಚಿತ್ರಕ್ಕೂ ಇಲ್ಲ. ಮೂಲಚಿತ್ರ ಈಗ ವಾಷಿಂಗ್ಟನ್‌ನ ಸಂಸತ್ ಭವನದಲ್ಲಿದೆ. ಎಲಿಜಬೆತ್ ಥಾಂಪ್ಸನ್ ಅನ್ನುವ ದಾನಿ 25,000 ಡಾಲರಿಗೆ ಕೊಂಡು ದೇಶಕ್ಕೆ ಕೊಟ್ಟರು.

ಫ್ರೆಡರಿಕ್ ಡಗ್ಲಾಸ್ ರಾಜಕಾರಣಿ ಅಲ್ವಲ್ಲ, ಅವರನ್ನ ಯಾಕೆ ಸೇರಿಸ್ತೀರಿ?

ಚುನಾವಣೆ ಗೆದ್ದವರಲ್ಲ ಅನ್ನುವುದು ಸರಿ. ಆದರೆ 1877ರಲ್ಲಿ ವಾಷಿಂಗ್ಟನ್‌ನ ಮಾರ್ಷಲ್ (ಕೋರ್ಟಿನ ಆದೇಶ ಜಾರಿ ಮಾಡುವ ಅಧಿಕಾರಿ), 1889ರಲ್ಲಿ ಹೈಟಿಗೆ ರಾಯಭಾರಿ. ಅದಕ್ಕಿಂತ ಮುಖ್ಯ, ಫೋಟೋವನ್ನು ರಾಜಕೀಯವಾಗಿ ಇವರಷ್ಟು ಅರಿತವರು ಇನ್ನೊಬ್ಬರಿರಲಿಲ್ಲ. ಅವರ ಸುಮಾರು 160 ಬೇರೆ ಬೇರೆ ಫೋಟೋಗಳು ಸಿಕ್ಕಿವೆ, ಲಿಂಕನ್‌ಗಿಂತ ಜಾಸ್ತಿ. ಗುಲಾಮನಾಗಿ ಹುಟ್ಟಿ 1838ರಲ್ಲಿ ತಪ್ಪಿಸಿಕೊಂಡು ಬಂದವರು. ಪತ್ರಿಕೆಗಳಲ್ಲಿ ಕಪ್ಪು ಜನರ ಚಿತ್ರ ಅಂದರೆ ಹಲ್ಲುಕಿರಿಯುವ ಕೋಡಂಗಿ. ಅದಕ್ಕೆ ಡಗ್ಲಾಸ್ ಒಳ್ಳೆಯ ಕೋಟು ಹಾಕಿ, ಹುಬ್ಬು ಗಂಟಿಕ್ಕಿ, ಮತ್ತೆ ಮತ್ತೆ ಕ್ಯಾಮೆರಾ ಮುಂದೆ ಕೂತರು. ಅವರು ನಗದಿರುವುದಕ್ಕೆ ಕಾರಣ ಬೇರೆಯೇ. ಫೋಟೋಗಳ ಬಗ್ಗೆಯೇ ಭಾಷಣಗಳನ್ನೂ ಮಾಡಿದರು.

1870ರಲ್ಲಿ ಮಿಸಿಸಿಪ್ಪಿಯ ಹೈರಮ್ ರೆವೆಲ್ಸ್ ಮೊದಲ ಕಪ್ಪು ಸೆನೆಟರ್ ಆದಾಗ ಬಾಸ್ಟನ್‌ನ ಲೂಯಿ ಪ್ರಾಂಗ್ ಅವರ ಬಣ್ಣದ ಭಾವಚಿತ್ರ ಅಚ್ಚು ಹಾಕಿದರು. ಡಗ್ಲಾಸ್ ಪ್ರಾಂಗ್‌ಗೆ ಮೆಚ್ಚಿ ಬರೆದರು. ನಮ್ಮನ್ನು ಮಂಗಗಳ ಹಾಗೆ ಬರೆಯುವುದನ್ನೇ ನೋಡುತ್ತಿದ್ದವರಿಗೆ ಇದು ದೊಡ್ಡ ಸಂಗತಿ, ಪೂರ್ವಗ್ರಹ ಇರುವವರೂ ಇವರನ್ನು ಮನುಷ್ಯ ಅಂತ ಒಪ್ಪಲೇಬೇಕು ಅನ್ನುವುದು ಆ ಪತ್ರದ ಸಾರ.

ಹೆಂಗಸರು ಎಲ್ಲಿ?

ಮತವೇ ಇರಲಿಲ್ಲ, ಹುದ್ದೆ ಎಲ್ಲಿಂದ? ಆದರೂ ಒಂದು ಚಿತ್ರ ಹುಡುಕಿ ನೋಡಿ. 1850ರ ಆಗಸ್ಟ್, ನ್ಯೂಯಾರ್ಕ್ ರಾಜ್ಯದ ಕ್ಯಾಜೆನೋವಿಯಾ, ಸೇಬಿನ ತೋಟ. ತಪ್ಪಿಸಿಕೊಂಡ ಗುಲಾಮರನ್ನು ಹಿಡಿದು ಒಪ್ಪಿಸಬೇಕೆಂಬ ಕಾನೂನಿನ ವಿರುದ್ಧದ ಸಭೆ. ಎಜ್ರಾ ವೆಲ್ಡ್ ತೆಗೆದ ಡಗೆರೋಟೈಪ್. ಮೇಜಿನ ಬಳಿ ಡಗ್ಲಾಸ್, ಹಿಂದೆ ಕೈ ಚಾಚಿ ನಿಂತ ಗೆರಿಟ್ ಸ್ಮಿತ್ (ಇವರು ಆಮೇಲೆ ಸಂಸದರಾದರು), ಅವರ ಅಕ್ಕಪಕ್ಕ ಮೇರಿ ಮತ್ತು ಎಮಿಲಿ ಎಡ್ಮನ್ಸನ್ ಅನ್ನುವ ಅಕ್ಕತಂಗಿ. ಇಬ್ಬರೂ ಎರಡು ವರ್ಷದ ಹಿಂದೆ ಹಡಗಿನಲ್ಲಿ ಪಾರಾಗಲು ಹೋಗಿ ಸಿಕ್ಕಿಬಿದ್ದಿದ್ದವರು. ಕಪ್ಪು-ಬಿಳಿ, ಗಂಡು-ಹೆಣ್ಣು ಎಲ್ಲ ಒಟ್ಟಿಗೆ, ಅದೂ ಬಯಲಿನಲ್ಲಿ. ಕೆಲವರು ಅಲ್ಲಾಡಿ ಮಸುಕಾಗಿದ್ದಾರೆ. ಈ ಪುಟದ ಎಲ್ಲ ಚಿತ್ರಗಳಲ್ಲಿ ಒಂದನ್ನೇ ಇಟ್ಟುಕೊಳ್ಳಿ ಅಂದರೆ ನಾನು ಇದನ್ನು ಇಟ್ಟುಕೊಳ್ಳುತ್ತೇನೆ.

ಚಿತ್ರ, ಪ್ರತಿಮೆ ಮಾಡುವವರ ಕಥೆಯೂ ಕೇಳಿ. 1875ರಲ್ಲಿ ಬಾಸ್ಟನ್‌ನಲ್ಲಿ ಸಮ್ನರ್ ಪ್ರತಿಮೆಗೆ ಹೆಸರು ತಿಳಿಸದೆ ಸ್ಪರ್ಧೆ ನಡೆಸಿದರು. ಗೆದ್ದ ಮಾದರಿ ಆ್ಯನ್ ವಿಟ್ನಿ ಅವರದ್ದು. ಮಾಡಿದ್ದು ಹೆಂಗಸು ಅಂತ ಗೊತ್ತಾಗುತ್ತಲೇ ಕೆಲಸ ಬೇರೆಯವರಿಗೆ ಹೋಯಿತು. ವಿಟ್ನಿ ಬಿಡಲಿಲ್ಲ. ಅವರ ಸಮ್ನರ್ 1902ರಲ್ಲಿ ಹಾರ್ವರ್ಡ್ ಸ್ಕ್ವೇರ್‌ನಲ್ಲಿ ಕೂತರು. ಆಗ ವಿಟ್ನಿಗೆ 80 ದಾಟಿತ್ತು.

ಲಿಂಕನ್ ತಲೆ, ಇನ್ನೊಬ್ಬರ ಮೈ ಇರೋ ಚಿತ್ರ ಇದೆಯಂತೆ?

ಇದೆ, ಅದೂ ಯಾರ ಮೈ! ಗುಲಾಮಗಿರಿ ಒಳ್ಳೆಯದೇ ಅಂತ ವಾದಿಸಿದ ಜಾನ್ ಕ್ಯಾಲ್‌ಹೂನ್‌ದು. 1852ರ ಕ್ಯಾಲ್‌ಹೂನ್ ಕೆತ್ತನೆಯೊಂದರಲ್ಲಿ ತಲೆ ತೆಗೆದು ಲಿಂಕನ್ ತಲೆ ಕೂರಿಸಿದರು. ಮೇಜಿನ ಮೇಲಿನ ಕಾಗದಗಳಲ್ಲಿ ರಾಜ್ಯಗಳ ಸ್ವಾಯತ್ತತೆ ಅಂತ ಇದ್ದಲ್ಲಿ ಸ್ವಾತಂತ್ರ್ಯದ ಘೋಷಣೆ ಅಂತ ತಿದ್ದಿದರು. ಲಿಂಕನ್ ಸತ್ತ ಮೇಲೆ ಅವರ ಗತ್ತಿನ, ನಿಂತ ಭಂಗಿಯ ಚಿತ್ರಕ್ಕೆ ಬೇಡಿಕೆ ಇತ್ತು, ಹೊಸದಾಗಿ ಕೆತ್ತಲು ಪುರುಸೊತ್ತು ಇರಲಿಲ್ಲ. ಸಿಕ್ಕಿಬಿದ್ದದ್ದು ಮಚ್ಚೆಯಿಂದ. ಲಿಂಕನ್ನರ ಬಲಗೆನ್ನೆಯಲ್ಲಿ ಇರಬೇಕಾದ್ದು ಎಡಗೆನ್ನೆಯಲ್ಲಿತ್ತು.

ಹಳೇ ಚಿತ್ರ ಸಿಕ್ಕಿದ್ರೆ ಯಾವ ಕಾಲದ್ದು ಅಂತ ಹೇಗೆ ಹೇಳೋದು?

ಮೊದಲು ಹಿಂಬದಿ ನೋಡಿ. ಅಂಚೆಚೀಟಿಯ ಹಾಗೆ ತೆರಿಗೆ ಚೀಟಿ ಅಂಟಿಸಿದ್ದರೆ ಹೆಚ್ಚಾಗಿ 1864ರಿಂದ 1866ರ ನಡುವಿನದ್ದು, ಯುದ್ಧದ ಕಾಲದ ತೆರಿಗೆ ಅದು. ಸ್ಟುಡಿಯೋ ವಿಳಾಸವೂ ಸಹಾಯಕ್ಕೆ ಬರುತ್ತದೆ. ಆಮೇಲೆ ಕೋಟಿನ ಗುಂಡಿ ನೋಡಿ. ಗಂಡಸರ ಕೋಟಿನಲ್ಲಿ ಎಡ ಅಂಚು ಮೇಲೆ ಬರಬೇಕು. ಬಲ ಮೇಲಿದ್ದರೆ ಚಿತ್ರ ಎಡಬಲ ತಿರುಗಿದೆ. ಡಗೆರೋಟೈಪ್‌ಗಳಲ್ಲಿ ಇದು ಮಾಮೂಲಿ. ಪತ್ರಿಕೆಯಿಂದ ಕತ್ತರಿಸಿದ್ದಾದರೆ ಅದು ಫೋಟೋ ಅಲ್ಲ. ಆಗ ಫೋಟೋವನ್ನು ನೇರವಾಗಿ ಪತ್ರಿಕೆಯಲ್ಲಿ ಅಚ್ಚು ಹಾಕಲು ಬರುತ್ತಿರಲಿಲ್ಲ, ಅದನ್ನು ನೋಡಿ ಮರದ ಅಚ್ಚಿನಲ್ಲಿ ಕೆತ್ತುತ್ತಿದ್ದರು. ಕೆತ್ತುವವನ ಕೈಯಲ್ಲಿ ಮೂಗು ಸ್ವಲ್ಪ ಉದ್ದವೂ ಆಗುತ್ತಿತ್ತು.

ನನ್ನ ಪುಸ್ತಕಕ್ಕೆ ಬಳಸಿಕೊಳ್ಳಬಹುದಾ? ಒಳ್ಳೆಯ ಪ್ರತಿ ಎಲ್ಲಿ ಸಿಗುತ್ತೆ?

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಬ್ರೇಡಿ-ಹ್ಯಾಂಡಿ ಸಂಗ್ರಹ ಇದೆ. ಬ್ರೇಡಿಯ ಸಂಬಂಧಿ ಲೆವಿನ್ ಹ್ಯಾಂಡಿ ಅವರ ಕುಟುಂಬದಿಂದ 1954ರಲ್ಲಿ ಕೊಂಡದ್ದು, ಸಾವಿರಾರು ನೆಗೆಟಿವ್‌ಗಳು. ದೊಡ್ಡ ಅಳತೆಯ ಪ್ರತಿಗಳನ್ನು ಅವರ ಜಾಲತಾಣದಿಂದ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು. ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲೂ ಬ್ರೇಡಿ ಸ್ಟುಡಿಯೋದ ದೊಡ್ಡ ಸಂಗ್ರಹ ಇದೆ. ಇಷ್ಟು ಹಳೆಯ ಫೋಟೋಗಳಿಗೆ ಹಕ್ಕುಸ್ವಾಮ್ಯದ ತಕರಾರು ಸಾಮಾನ್ಯವಾಗಿ ಬರುವುದಿಲ್ಲ. ಪ್ರತಿ ಚಿತ್ರದ ಕೆಳಗೆ ಹಕ್ಕಿನ ಬಗ್ಗೆ ಒಂದು ಸಾಲು ಇರುತ್ತದೆ, ಅದನ್ನು ಓದಿಕೊಳ್ಳಿ.

ಒಂದು ಕೇಳಿಕೆ. ಈಗ ಬಣ್ಣ ತುಂಬಿದ, ಕಣ್ಣು ಮಿಟುಕಿಸುವ ಸಮ್ನರ್‌ಗಳು ಎಲ್ಲೆಲ್ಲೂ ಓಡಾಡುತ್ತಿದ್ದಾರೆ. ಅದನ್ನು ಬಳಸಿದರೆ ಬಣ್ಣ ಈಗ ಹಾಕಿದ್ದು ಅಂತ ಕೆಳಗೆ ಬರೆಯಿರಿ. ಕ್ಯಾಲ್‌ಹೂನ್ ಮೈಯ ಲಿಂಕನ್ ಎಷ್ಟೋ ವರ್ಷ ಗೋಡೆಗಳ ಮೇಲೆ ನೆಮ್ಮದಿಯಾಗಿ ನೇತಾಡುತ್ತಿದ್ದರು.